ಚರಗದ ಹೊಲಗಳು



ಪರದೇಶದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಹಿಮ ಬಿದ್ದ ತನ್ನ ಮನೆಯಂಗಳದ ಚಿತ್ರವನ್ನು ಕಳುಹಿಸಿ, “ಸರ್, ಥಂಡಿಯೊಳಗ ನೀವು ಗೆಳೆಯಾರ ಕೂಡ ಎಲ್ಲಿಗೆ ಹೋಗತಿದ್ರಿ?” ಎಂದು ಕೇಳಿದ್ದಾನೆ. ಅನಗವಾಡಿಯ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಮುಂಜಾವಿನಲ್ಲಿ ಜೋಳದ ಎಲೆಯ ಮೇಲೆ ಕೂಡ್ರುವ ಇಬ್ಬನಿಯೇ ನಮ್ಮ ಪಾಲಿನ ಹಿಮ. ಅವನ ಪ್ರಶ್ನೆಗೆ “ಹೊಲಕ್ಕೆ” ಎಂಬ ಒಂದೇ ಶಬ್ದದಲ್ಲಿ ಉತ್ತರಿಸಬಹುದಿತ್ತು. ಆದರೆ ಆ ಹೊಲಗಳಲ್ಲಿ ಎಷ್ಟೋ ಇಂದು ನೀರಿನಡಿ ಇರುವುದರಿಂದ, ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಗೋಕಾಕದಲ್ಲಿ ಧುಮುಕಿ, ನಮ್ಮ ಮಗ್ಗುಲಲ್ಲಿ ಹಾದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಘಟಪ್ರಭೆಯ ಎರಡೂ ದಂಡೆಗಳು ಎರೆಭೂಮಿ. ಹಿಂಗಾರಿ ಮಳೆಯ ಹಸಿಗೆ ಬಿತ್ತಿದ ಬಿಳಿಜೋಳ ಬಹುಮಟ್ಟಿಗೆ ನೆಲ ಹಿಡಿದಿಟ್ಟ ತೇವದಲ್ಲಿಯೇ ಬೆಳೆದು, ಚಳಿಗಾಲದಲ್ಲಿ ತೆನೆ ಹಾಯುತ್ತದೆ. ನಮ್ಮ ಚಳಿಗಾಲದ ತಿರುಗಾಟವೆಲ್ಲ ಈ ಬೆಳೆಯ ಲೆಕ್ಕದಲ್ಲಿಯೇ ನಡೆಯುತ್ತಿತ್ತು.

ಮೊದಲನೆಯದು ಎಳ್ಳು ಅಮವಾಸ್ಯೆಯ ಚರಗ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳ ಬುಟ್ಟಿ ಹೊತ್ತ ಚಕ್ಕಡಿಗಳು ನಸುಕಿನಲ್ಲಿಯೇ ಹೊರಡುತ್ತಿದ್ದವು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲಿದ ಮೇಲೆಯೇ ಊಟ. ಎರಡನೆಯದು ಸೀತನಿ. ಹಾಲುಗಾಳಿನ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಉಸುಬಿ, ಬೆಲ್ಲದೊಡನೆಯೋ ಶೇಂಗಾ ಹಿಂಡಿಯೊಡನೆಯೋ ತಿನ್ನುವುದು. ಮೂರನೆಯದು ಸಂಕ್ರಾಂತಿಯ ದಿನ ಮೈಗೆ ಎಳ್ಳು ಹಚ್ಚಿಕೊಂಡು ಹೊಳೆಯ ಸ್ನಾನ, ಮರಳದಂಡೆಯಲ್ಲಿ ಬುತ್ತಿ.

ನಮ್ಮ ಗುಂಪಿನಲ್ಲಿ ಆರು ಮಂದಿ ಇದ್ದೆವು. ಇಬ್ಬರ ಮನೆಗೆ ಗುಂಟೆ ಭೂಮಿಯೂ ಇರಲಿಲ್ಲ. ಆದರೂ ಸೀತನಿಯ ಕೆಂಡದ ಸುತ್ತ ಕುಳಿತಾಗ ಯಾರ ಹೊಲ, ಯಾರ ತೆನೆ ಎಂದು ಯಾರೂ ಕೇಳುತ್ತಿರಲಿಲ್ಲ. ದಾರಿಹೋಕನನ್ನೂ ಕರೆದು ಕೂಡ್ರಿಸುವುದು ರೂಢಿ. ಭೂಮಿಯಿಲ್ಲದ ಆ ಗೆಳೆಯರಿಬ್ಬರಿಗೂ ವರ್ಷದಲ್ಲಿ ಕೆಲವು ದಿನವಾದರೂ ಊರ ಹೊಲಗಳೆಲ್ಲ ತಮ್ಮವೇ ಆಗಿದ್ದವು. 1972ರ ಬರಗಾಲದಲ್ಲಿ ಮಾತ್ರ ನಮ್ಮ ಹೊಲಗಳಲ್ಲಿ ತೆನೆ ಹಾಯಲಿಲ್ಲ. ಆ ವರ್ಷವೂ ಅಜ್ಜ ಚರಗ ಬಿಡಲಿಲ್ಲ. ಎರಡೇ ರೊಟ್ಟಿ ಮುರಿದು ಬಿರುಕು ಬಿಟ್ಟ ನೆಲಕ್ಕೆ ಚೆಲ್ಲಿ, “ಆಕಿ ಉಪಾಸ ಇರಬಾರದಪ್ಪಾ” ಎಂದ.

ಬರ ಬಂದು ಹೋಯಿತು. ನೀರು ಬಂದು ನಿಂತಿತು. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟಿದ್ದು 1964ರಲ್ಲಿ. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲಾಶಯದ ಮಟ್ಟವನ್ನು 519.6 ಮೀಟರಿಗೆ ಮಿತಿಗೊಳಿಸಿತು. ಆ ಮಟ್ಟದಲ್ಲಿ ಅಲ್ಲಿ ನಿಲ್ಲುವ ನೀರು ಸುಮಾರು 123 ಟಿಎಂಸಿ. ಹಿನ್ನೀರು ಕೃಷ್ಣೆಯಿಂದ ಘಟಪ್ರಭೆಯ ಪಾತ್ರಕ್ಕೂ ಏರಿತು. ಹಳೆಯ ಬಾಗಲಕೋಟೆಯ ಜನ ನವನಗರಕ್ಕೆ ಹೋದಂತೆ, ದಂಡೆಯ ಹಳ್ಳಿಗಳ ಜನ ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಸರಿದರು. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣವು ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಇನ್ನಷ್ಟು ಹೊಲಗಳ ಹಣೆಬರಹ ಆ ಅಂಕಿಯಲ್ಲಿದೆ.

ಅಣೆಕಟ್ಟನ್ನು ನಾನು ದೂಷಿಸುತ್ತಿಲ್ಲ. ಅದರ ನೀರಿನಿಂದ ಎಷ್ಟೋ ಬಾಯಾರಿದ ನೆಲ ಹಸಿರಾಗಿದೆ; 1972ನ್ನು ಕಂಡವರಿಗೆ ನೀರಿನ ಬೆಲೆ ಗೊತ್ತು. ಆದರೆ ಪರಿಹಾರದ ಕಾಗದಗಳಲ್ಲಿ ಎಕರೆ, ಗುಂಟೆ, ಗಿಡ, ಬಾವಿ, ಗೋಡೆ ಎಲ್ಲವೂ ಇದ್ದವು. ಹೊಲಗಳಿಗೆ ಮಾತ್ರ ಸರ್ವೆ ನಂಬರಿನ ಹೊರತು ಬೇರೆ ಹೆಸರಿರಲಿಲ್ಲ. ಹೊಳಿಸಾಲ ಹೊಲ, ಬನ್ನಿಗಿಡದ ಹೊಲ, ಮುದುಕಿ ಪಟ್ಟಿ ಎಂದು ನಾವು ಕರೆಯುತ್ತಿದ್ದ ಹೆಸರುಗಳು ಯಾವ ದಫ್ತರದಲ್ಲಿಯೂ ಇಲ್ಲ. ಅವು ಉಳಿದಿರುವುದು ಆ ಹೊಲಗಳಿಗೆ ಚಕ್ಕಡಿಯಲ್ಲಿ ಹೋಗಿ ಉಂಡು ಬಂದವರ ನಾಲಿಗೆಯ ಮೇಲೆ ಮಾತ್ರ. ನಮ್ಮ ಆರು ಮಂದಿಯಲ್ಲಿ ಈಗ ಮೂವರೇ ಉಳಿದಿದ್ದೇವೆ.

ನಾವು ಮೂವರು ಈಗಲೂ ಚಳಿಗಾಲದಲ್ಲೊಮ್ಮೆ ಹೊಳೆಯ ಸೇತುವೆಯ ಬಳಿ ಕೂಡುತ್ತೇವೆ. ಹಿನ್ನೀರಿನ ಅಂಚಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿದಿರುತ್ತವೆ. ಮಂಗೋಲಿಯ, ಟಿಬೆಟ್‌ಗಳ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇವು ಬರುತ್ತವೆ. ಆ ಕೆರೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆಯಿತು. ಹಿಮ ಕಾಣದ ನಮ್ಮೂರಿಗೆ ಹಿಮದ ನಾಡಿನ ಅತಿಥಿಗಳು! ನೀರು ಸರಿದಂತೆ ಮೇಲೇಳುವ ನೆಲದಲ್ಲಿ ಅವು ಮೇಯುವಾಗ ಗೆಳೆಯನೊಬ್ಬ ಕೈಮಾಡಿ, “ಅಲ್ಲೇ ನೋಡು, ಬನ್ನಿಗಿಡದ ಹೊಲ” ಎನ್ನುತ್ತಾನೆ. ಭೂಮಿಯಿಲ್ಲದ ಮನೆಯ ಗೆಳೆಯನೇ ಅವನು. ಹೊಲಗಳ ಗುರುತು ನಮಗಿಂತ ಅವನಿಗೇ ಚೆನ್ನಾಗಿದೆ.

ಮಕ್ಕಳೇ, ನಿವೃತ್ತನಾದರೂ ಒಂದು ಮನೆಗೆಲಸ ಕೊಡುತ್ತೇನೆ. ಈ ಸಲ ಎಳ್ಳು ಅಮವಾಸ್ಯೆಗೆ ಊರಿಗೆ ಬಂದಾಗ ನಿಮ್ಮ ಹಿರಿಯರ ಬಳಿ ಕುಳಿತು, ಮುಳುಗಿದ ಹೊಲಗಳ ಹೆಸರನ್ನೂ ಆ ಹೆಸರು ಬಂದ ಕಾರಣವನ್ನೂ ಕೇಳಿ ಒಂದು ವಹಿಯಲ್ಲಿ ಬರೆದಿಡಿರಿ. ಬರಲಾಗದವರು ಫೋನಿನಲ್ಲಿಯಾದರೂ ಕೇಳಿರಿ. ತಡಮಾಡಬೇಡಿರಿ.