ಹಳೇ ಮನೆ ಮಾರುವ ಮುನ್ನ: ಗುಜರಿಗೆ ಹಾಕಬಾರದ್ದು ಏನೇನು?

ಆಂಧ್ರದ ರಾಯದುರ್ಗ, ಮಡಕಶಿರಾ ಕಡೆ ಕನ್ನಡ ಮಾತಾಡುವ ಮನೆಗಳು ಬೇಕಾದಷ್ಟಿವೆ. ಮಕ್ಕಳು ಬಳ್ಳಾರಿಗೋ ಬೆಂಗಳೂರಿಗೋ ಗಲ್ಫಿಗೋ ಹೋದ ಮೇಲೆ ಮನೆಗೆ ಬೀಗ ಬೀಳುತ್ತದೆ, ಕೊನೆಗೆ ಮಾರಾಟಕ್ಕೂ ಬರುತ್ತದೆ. ನಮ್ಮ ಕರಾವಳಿಯ ಮನೆಗಳದ್ದೂ ಇದೇ ಕಥೆ. ನಾಲ್ಕು ದಿನ ರಜೆ ಹಾಕಿ ಬಂದು ಅಟ್ಟ ಖಾಲಿ ಮಾಡಿ ಗುಜರಿಯವನನ್ನು ಕರೆಯುತ್ತೇವೆ. ಎಡವುವುದು ಅಲ್ಲೇ.

ಮೊದಲು ಕಾಗದ

ಪಾತ್ರೆ, ಮಂಚಕ್ಕೆ ಕೈ ಹಾಕುವ ಮೊದಲು ಟ್ರಂಕು, ಬೀರು ನೋಡಿ. ರಾಯದುರ್ಗ ತಾಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಅನಂತಪುರ ಜಿಲ್ಲೆಗೆ ಹೋಯಿತು. ಅನಂತಪುರದಲ್ಲಿದ್ದ ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಹಾಗಾಗಿ ಒಂದೇ ಮನೆಯ ಕಾಗದಗಳಲ್ಲಿ ಎರಡು ಜಿಲ್ಲೆಗಳ ಹೆಸರು ಇರಬಹುದು. ಹಳೇ ಜಿಲ್ಲೆಯ ಕಾಗದ ಅಂತ ಬಿಸಾಡಬೇಡಿ. ಮನೆ ಯಾರಿಂದ ಯಾರಿಗೆ ಬಂತು ಎಂಬುದನ್ನೇ ಕೊಳ್ಳುವವರ ವಕೀಲರು ಮೊದಲು ಕೇಳುವುದು.

ಎತ್ತಿಡಬೇಕಾದವು:
- ಕ್ರಯಪತ್ರ, ಪಾಲುಪತ್ರ, ದಾನಪತ್ರ
- ಮನೆ ಕಂದಾಯ, ಕರೆಂಟ್ ಬಿಲ್ಲಿನ ರಸೀದಿಗಳು
- ಮರಣ ಪ್ರಮಾಣಪತ್ರಗಳು
- ಬ್ಯಾಂಕ್ ಸಾಲ ತೀರಿಸಿದ ಪತ್ರ
- ಅಂಗಡಿಯ ಉದ್ರಿ ಪುಸ್ತಕ, ಕೈಸಾಲದ ಚೀಟಿಗಳು

ಕ್ರಯಪತ್ರ ಸಿಗದಿದ್ದರೆ, ನೋಂದಣಿ ಆಗಿದ್ದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಬಹುದು. ಋಣಭಾರ ಪತ್ರವನ್ನೂ (ಇ.ಸಿ.) ತೆಗೆಸಿ.

ಬಿಲ್ಲೂ ದುಡ್ಡೇ

2001ರ ಏಪ್ರಿಲ್ 1ಕ್ಕಿಂತ ಮುಂಚಿನ ಮನೆಯಾದರೆ, ತೆರಿಗೆ ಲೆಕ್ಕದಲ್ಲಿ ಆ ದಿನದ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆ ಎಂದು ತೋರಿಸಲು ಅವಕಾಶ ಇದೆ. ಆಮೇಲೆ ಹಾಕಿಸಿದ ತಾರಸಿ, ಕಟ್ಟಿಸಿದ ಕೋಣೆಯ ಖರ್ಚೂ ಅದಕ್ಕೆ ಸೇರುತ್ತದೆ. 2 ಲಕ್ಷದ ಬಿಲ್ಲುಗಳು ಗುಜರಿಗೆ ಹೋಗಿ ಆ ಖರ್ಚು ಲೆಕ್ಕಕ್ಕೆ ಸಿಗದಿದ್ದರೆ, ಶೇ. 12.5 ದರದಲ್ಲಿ 25,000 ರೂ. ತೆರಿಗೆ ಜಾಸ್ತಿ.

ಸಾಮಾನೂ ಆಸ್ತಿಯೇ

ಬಾಪ ತೀರಿಕೊಂಡ ಮನೆಯಲ್ಲಿ ಅವರ ಹಿತ್ತಾಳೆ ಹಂಡೆ, ಬೀರು, ಗಡಿಯಾರ ಎಲ್ಲ ವಾರಸುದಾರರದ್ದು. ಚಾವಿ ಯಾರ ಹತ್ತಿರ ಇದೆಯೋ ಅವರದ್ದಲ್ಲ. ಮೊದಲು ಸಾಲ ತೀರಬೇಕು, ವಸಿಯ್ಯತ್ ಇದ್ದರೆ ಮೂರನೇ ಒಂದು ಭಾಗದೊಳಗೆ ನಡೆಯಬೇಕು, ಆಮೇಲೆ ಪಾಲು. ಉದ್ರಿ ಪುಸ್ತಕ ಬೇಕಾಗುವುದು ಇದಕ್ಕೇ.

ಉದಾಹರಣೆಗೆ 24 ಲಕ್ಷ ಉಳಿಯಿತು, ಇರುವುದು ಉಮ್ಮ, ಒಬ್ಬ ಮಗ, ಒಬ್ಬಳು ಮಗಳು ಮಾತ್ರ ಅಂತಿಟ್ಟುಕೊಳ್ಳಿ. ಉಮ್ಮನಿಗೆ ಎಂಟನೇ ಒಂದು, ಅಂದರೆ 3 ಲಕ್ಷ. ಮಗನಿಗೆ 14, ಮಗಳಿಗೆ 7. ಬೇರೆ ವಾರಸುದಾರರಿದ್ದರೆ ಲೆಕ್ಕ ಬದಲಾಗುತ್ತದೆ, ಉಸ್ತಾದರ ಹತ್ತಿರ ಕೇಳಿ. ಮದುವೆಗೆ ಚಿನ್ನ ಕೊಟ್ಟಾಯಿತಲ್ಲ ಅಂತ ತಂಗಿಯ ಪಾಲು ನುಂಗುವಂತಿಲ್ಲ. ಅವಳ ಸಹಿ ಇಲ್ಲದೆ ಮಾರಿದರೆ ನಾಳೆ ಕೋರ್ಟಿನಲ್ಲಿ ಕೊಂಡವನೂ ಸಿಕ್ಕಿಬೀಳುತ್ತಾನೆ.

ಹೀಗೆ ಮಾಡಿ

ಎಲ್ಲರೂ ಸೇರುವ ಒಂದು ದಿನ ಗೊತ್ತು ಮಾಡಿ. ಗಲ್ಫಿನಲ್ಲಿರುವವರಿಗೆ ವಿಡಿಯೋ ಕಾಲ್ ಮಾಡಿ. ಪ್ರತಿ ಕೋಣೆಯ ಫೋಟೋ ತೆಗೆದು ಪಟ್ಟಿ ಬರೆಯಿರಿ: ಇಡುವುದು, ಹಂಚುವುದು, ಮಾರುವುದು, ದಾನ ಕೊಡುವುದು. ಹರಿದ ಮುಸ್‌ಹಫ್, ಕಿತಾಬುಗಳನ್ನು ರದ್ದಿಗೆ ಹಾಕದೆ ಮಸೀದಿಯವರನ್ನು ವಿಚಾರಿಸಿ. ಉಮ್ಮ ಇದ್ದರೆ ಅವರನ್ನು ನಡುವೆ ಕೂರಿಸಿ, ಒಂದೊಂದನ್ನೇ ತೋರಿಸಿ ಕೇಳಿ. ನಮಗೆ ಹಳೇ ಡಬ್ಬಿ ಅನ್ನಿಸಿದ್ದರಲ್ಲಿ ಅವರು ಏನಿಟ್ಟಿದ್ದಾರೋ ಅವರಿಗೇ ಗೊತ್ತು.

ಗುಜರಿಯವನನ್ನು ಕರೆಯುವುದು ಇದೆಲ್ಲ ಮುಗಿದ ಮೇಲೆ.