ಗುಜರಿಯಿಂದ ಎದ್ದ ವಿಮಾನಗಳು ಮತ್ತು ನಮ್ಮ ಸೊಲ್ಲಾಪುರ

ಮಾದರಿ ವಿಮಾನ ಮಾಡುವ ಹವ್ಯಾಸಿಗಳಲ್ಲಿ ಒಂದು ಪದ್ಧತಿ ಇದೆ. ಬೇಕಾದ ವಿಮಾನ ಒಂದೇ ಕಿಟ್‌ನಲ್ಲಿ ಸಿಗದಿದ್ದರೆ ಎರಡು ಮೂರು ಕಿಟ್ ತಂದು, ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಚಕ್ರ ಸೇರಿಸಿ ಜೋಡಿಸುತ್ತಾರೆ. ಇದು ಅಂಗೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ವಿಮಾನದ ಮಾತು. ಆದರೆ ನಾಲ್ಕು ಎಂಜಿನ್‌ಗಳ ನಿಜವಾದ ಬಾಂಬರ್ ವಿಮಾನಗಳನ್ನೇ ಹೀಗೆ ಜೋಡಿಸಿದ ಇತಿಹಾಸ ನಮ್ಮ ದೇಶದಲ್ಲಿದೆ. ಆ ಕೆಲಸ ಮಾಡಿದ್ದು ಬೆಂಗಳೂರಿನ ಕಾರ್ಖಾನೆ. ಅದನ್ನು ಕಟ್ಟಿದವರು ನಮ್ಮ ಸೊಲ್ಲಾಪುರದವರು!

ವಾಲಚಂದ ಹಿರಾಚಂದ ಅವರು 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ರೈಲ್ವೆ ಗುತ್ತಿಗೆಯಿಂದ ಆರಂಭಿಸಿ ಹಡಗು, ಸಕ್ಕರೆ, ಮೋಟಾರು ಉದ್ಯಮಗಳವರೆಗೆ ಬೆಳೆದರು. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಜಾಗ ಕೊಟ್ಟರು, ಸಂಸ್ಥಾನ ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಮರುವರ್ಷವೇ, ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಅಲ್ಲಿಂದ ಹಾರಿತು. 1942ರಲ್ಲಿ ಯುದ್ಧದ ಕಾರಣ ಭಾರತ ಸರಕಾರ ವಾಲಚಂದರ ಪಾಲನ್ನು ಕೊಂಡುಕೊಂಡಿತು. ಅವರು ಹೊರಬಂದರು, ಕಾರ್ಖಾನೆ ಉಳಿಯಿತು.

ಎರಡನೆಯ ಮಹಾಯುದ್ಧ ಮುಗಿದಾಗ ಕಾನಪುರದಲ್ಲಿ ಲಿಬರೇಟರ್ ಎಂಬ ಅಮೆರಿಕದ ಬಾಂಬರ್‌ಗಳ ರಾಶಿ ಬಿದ್ದಿತ್ತು. ಅವು ಯಾರಿಗೂ ಉಪಯೋಗವಾಗಬಾರದೆಂದು ಬ್ರಿಟಿಷರು ಕೆಡಿಸಿಯೇ ಬಿಟ್ಟುಹೋಗಿದ್ದರು. ಎಂಜಿನ್‌ಗಳಿಗೆ ಮರಳು ಸುರಿದಿದ್ದರೆಂದೂ ಹೇಳುತ್ತಾರೆ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್ ಬೇಕಾಯಿತು. ಬೆಂಗಳೂರಿನ ಎಂಜಿನಿಯರುಗಳು ಆ ಗುಜರಿಯ ನಡುವೆ ಕೆಲಸಕ್ಕಿಳಿದರು. ಕಡಿಮೆ ಕೆಟ್ಟ ವಿಮಾನವನ್ನು ಆರಿಸಿ, ಅದಕ್ಕಿಲ್ಲದ ಭಾಗವನ್ನು ಪಕ್ಕದ ವಿಮಾನದಿಂದ ಬಿಚ್ಚಿ ಹಾಕಿದರು.

ಇದು ಸಾಧ್ಯವಾದದ್ದು ಹೇಗೆ? ಲಿಬರೇಟರ್ ಒಂದೊಂದಾಗಿ ಕೈಯಿಂದ ಮಾಡಿದ ವಿಮಾನವಲ್ಲ. ಅಮೆರಿಕದ ಹಲವು ಕಾರ್ಖಾನೆಗಳು ಸೇರಿ 18,000ಕ್ಕೂ ಹೆಚ್ಚು ತಯಾರಿಸಿದ್ದವು. ಫೋರ್ಡ್ ಕಂಪನಿಯ ವಿಲೋ ರನ್ ಕಾರ್ಖಾನೆಯಿಂದ ಬಿಡಿಭಾಗಗಳು ಕಿಟ್ ರೂಪದಲ್ಲಿಯೇ ಬೇರೆ ಊರುಗಳಿಗೆ ಲಾರಿಯಲ್ಲಿ ಹೋಗಿ ಅಲ್ಲಿ ಜೋಡಣೆಯಾಗುತ್ತಿದ್ದವು. ಒಂದೇ ಅಳತೆಯಲ್ಲಿ ತಯಾರಾದ ಭಾಗ ಒಂದರಿಂದ ಇನ್ನೊಂದಕ್ಕೆ ಕೂಡುತ್ತದೆ. ಅಳತೆಯ ಶಿಸ್ತು ಎಂದರೆ ಇದೇ.

ಹಾರುವಷ್ಟು ರಿಪೇರಿಯಾದ ವಿಮಾನಗಳನ್ನು ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಷಿ ಸುಮಾರು 1,500 ಕಿ.ಮೀ. ದೂರದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಪೂರ್ಣ ದುರಸ್ತಿ ನಡೆದದ್ದು ಅಲ್ಲಿ. 1948ರ ನವೆಂಬರ್‌ನಲ್ಲಿ ಈ ವಿಮಾನಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಆರಂಭವಾಯಿತು. ಒಟ್ಟು ಸುಮಾರು 40 ಲಿಬರೇಟರ್‌ಗಳು ಹೀಗೆ ಮರುಜನ್ಮ ಪಡೆದವು. ಕೊನೆಯವು ನಿವೃತ್ತಿಯಾದದ್ದು 1968ರಲ್ಲಿ. ಬೇರೆ ದೇಶಗಳು ತಮ್ಮವನ್ನು ಎಂದೋ ಮುರಿದುಹಾಕಿದ್ದರಿಂದ, ಬ್ರಿಟನ್ ಮತ್ತು ಅಮೆರಿಕದ ವಸ್ತುಸಂಗ್ರಹಾಲಯಗಳು ಭಾರತದಿಂದಲೇ ಲಿಬರೇಟರ್ ತರಿಸಿಕೊಂಡವು. ಕೆಡಿಸಿ ಹೋದವರೇ ಮುಂದೆ ಕೇಳಿ ಪಡೆದರು!

ಸೊಲ್ಲಾಪುರ, ಅಕ್ಕಲಕೋಟದ ನಮ್ಮ ಕನ್ನಡ ಶಾಲೆಗಳೂ ಒಂದು ರೀತಿಯಲ್ಲಿ ಜೋಡಣೆಯೇ. ಭಾಷೆ ಕನ್ನಡ, ರಾಜ್ಯ ಮಹಾರಾಷ್ಟ್ರ, ಪಠ್ಯಪುಸ್ತಕ ಬಾಲಭಾರತಿಯದು. ಬೇರೆ ಬೇರೆ ಕಡೆಯ ಭಾಗಗಳೆಂದು ಯಾರೂ ನಮ್ಮನ್ನು ಅರೆಬರೆ ಎನ್ನಬೇಕಾಗಿಲ್ಲ. ಕೂಡಿಸುವವರ ಕೈ ಗಟ್ಟಿಯಿದ್ದರೆ ಹಾರುತ್ತದೆ. ವಾಲಚಂದರ ಹೆಸರನ್ನು ಕಾಲೇಜಿನ ಫಲಕದಲ್ಲಿ ಮಾತ್ರ ಓದುವ ನಮ್ಮ ಮಕ್ಕಳಿಗೆ ಈ ಕಥೆಯನ್ನೂ ಹೇಳೋಣ.