ಫ್ಲಾವಿಯೊ ಡಿ ಕರ್ವಾಲೊ: ಅರಮನೆಯ ನಕ್ಷೆಯಿಂದ ಬೀದಿಯ ಪ್ರಯೋಗಕ್ಕೆ

ಬ್ರೆಜಿಲ್‌ನ ಆಧುನಿಕ ಕಲೆಯಲ್ಲಿ ಅತ್ಯಂತ ವಿವಾದಾಸ್ಪದ ವ್ಯಕ್ತಿಗಳಲ್ಲೊಬ್ಬರು ಫ್ಲಾವಿಯೊ ಡಿ ಕರ್ವಾಲೊ (1899-1973). ತೇಜಸ್ವಿಯವರ ಕಾದಂಬರಿಯಿಂದ ಕನ್ನಡಿಗರಿಗೆ ಚಿರಪರಿಚಿತವಾದ ಈ ಕುಲನಾಮ ಪೋರ್ಚುಗೀಸ್ ಮೂಲದ್ದು.

ರಿಯೊ ಡಿ ಜನೈರೊ ಪ್ರಾಂತ್ಯದ ಸಿರಿವಂತ ಕುಟುಂಬದಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ಯುರೋಪಿಗೆ ತೆರಳಿದರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಲೇ ಅಲ್ಲಿನ ಕಲಾಶಾಲೆಯಲ್ಲಿ ಚಿತ್ರಕಲೆಯನ್ನೂ ಅಭ್ಯಸಿಸಿದರು. 1922ರಲ್ಲಿ ತಾಯ್ನಾಡಿಗೆ ಮರಳಿದಾಗ, ಸಾವೊ ಪಾಲೊ ನಗರದಲ್ಲಿ ಕೋಲಾಹಲವೆಬ್ಬಿಸಿದ್ದ 'ಆಧುನಿಕ ಕಲಾ ಸಪ್ತಾಹ' ಮುಗಿದಿತ್ತು. ಜೀವನೋಪಾಯಕ್ಕೆ ಅವರು ಕೈಹಿಡಿದದ್ದು ಕಟ್ಟಡಗಳ ರಚನಾ ಲೆಕ್ಕಾಚಾರದ ಕೆಲಸವನ್ನು.

1927ರಲ್ಲಿ ಸಾವೊ ಪಾಲೊ ಸರ್ಕಾರದ ಅರಮನೆಗಾಗಿ ನಡೆದ ವಿನ್ಯಾಸ ಸ್ಪರ್ಧೆಗೆ ಅವರು ಗುಪ್ತನಾಮದಲ್ಲಿ ನಕ್ಷೆ ಸಲ್ಲಿಸಿದರು. ಅಲಂಕಾರವಿಲ್ಲದ ಬೃಹತ್ ಘನಾಕೃತಿಗಳ ಆ ಕಟ್ಟಡಕ್ಕೆ ವೈಮಾನಿಕ ದಾಳಿಯನ್ನು ಎದುರಿಸುವ ವ್ಯವಸ್ಥೆಯೂ ಇತ್ತು! ಬಹುಮಾನ ಬರಲಿಲ್ಲ, ಆದರೆ ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು. ಸಾಹಿತಿ ಮಾರಿಯೊ ಡಿ ಆಂದ್ರಾದೆ ಅದರ ಬಗ್ಗೆ ಬರೆದರು. ಬ್ರೆಜಿಲ್‌ನಲ್ಲಿ ಸಾರ್ವಜನಿಕ ಕಟ್ಟಡವೊಂದಕ್ಕೆ ರೂಪುಗೊಂಡ ಮೊದಮೊದಲ ಆಧುನಿಕ ವಿನ್ಯಾಸಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಮುಂದಿನ ಸ್ಪರ್ಧೆಗಳಲ್ಲೂ ಅವರಿಗೆ ಸಿಕ್ಕಿದ್ದು ಸೋಲೇ.

ಕರ್ವಾಲೊ ಅವರ ನಿಜವಾದ ಪರೀಕ್ಷೆ ನಡೆದದ್ದು ಮಾತ್ರ ನಡುಬೀದಿಯಲ್ಲಿ. 1931ರಲ್ಲಿ ಸಾವೊ ಪಾಲೊ ನಗರದ ಕಾರ್ಪಸ್ ಕ್ರಿಸ್ಟಿ ಮೆರವಣಿಗೆಗೆ ಎದುರಾಗಿ, ತಲೆಯ ಮೇಲಿನ ಟೋಪಿಯನ್ನು ತೆಗೆಯದೆ ಅವರು ನಡೆದರು. ಭಕ್ತರ ದೃಷ್ಟಿಯಲ್ಲಿ ಅದು ಘೋರ ಅಪಚಾರ. ಕೆರಳಿದ ಗುಂಪು ಅವರನ್ನು ಕೊಲ್ಲಬೇಕೆಂದು ಕೂಗುತ್ತ ಬೆನ್ನಟ್ಟಿತು. ಹಾಲಿನ ಅಂಗಡಿಯೊಂದರಲ್ಲಿ ಅಡಗಿ, ಪೊಲೀಸರ ರಕ್ಷಣೆಯಲ್ಲಿ ಅವರು ಪಾರಾದರು. ಜನಸಮೂಹದ ಮನಸ್ಸನ್ನು ಅರಿಯುವ ಪ್ರಯೋಗವಿದೆಂಬುದು ಅವರ ಸಮರ್ಥನೆ. ಅದೇ ವರ್ಷ 'ಎರಡನೆಯ ಪ್ರಯೋಗ' ಎಂಬ ಅರ್ಥದ ಶೀರ್ಷಿಕೆಯಲ್ಲಿ ಪುಸ್ತಕವನ್ನೂ ಪ್ರಕಟಿಸಿ, ಫ್ರಾಯ್ಡ್‌ನ ವಿಚಾರಗಳ ಬೆಳಕಿನಲ್ಲಿ ಘಟನೆಯನ್ನು ವಿಶ್ಲೇಷಿಸಿದರು. ಇಂದು ಅದನ್ನು ಪ್ರದರ್ಶನ ಕಲೆಯ ಆದ್ಯ ಉದಾಹರಣೆಯೆಂದು ಕೊಂಡಾಡುವುದು ಸುಲಭ. ಅಂದು ನಂಬಿಕೆಗೆ ಪೆಟ್ಟು ತಿಂದವರ ಸಿಟ್ಟು ಸುಳ್ಳಾಗಿರಲಿಲ್ಲ.

1932ರಲ್ಲಿ ಡಿ ಕವಾಲ್ಕಾಂಟಿ ಮೊದಲಾದವರೊಡನೆ ಆಧುನಿಕ ಕಲಾವಿದರ ಕ್ಲಬ್ಬನ್ನು ಅವರು ಸ್ಥಾಪಿಸಿದರು. ಮಕ್ಕಳ ಹಾಗೂ ಮನೋರೋಗಿಗಳ ಚಿತ್ರಗಳಿಗೂ ಅಲ್ಲಿ ಗೋಡೆ ದೊರೆಯಿತು. ಮರುವರ್ಷ ಅವರು ಬರೆದ, 'ಸತ್ತ ದೇವರ ನೃತ್ಯ' ಎಂದು ಅನುವಾದಿಸಬಹುದಾದ ನಾಟಕವನ್ನು ಅಲ್ಯೂಮಿನಿಯಂ ಮುಖವಾಡಗಳ ನಟರು ಅಭಿನಯಿಸಿದರು. ಕೆಲವೇ ಪ್ರದರ್ಶನಗಳ ಬಳಿಕ ಪೊಲೀಸರು ರಂಗಮಂದಿರವನ್ನು ಮುಚ್ಚಿಸಿದರು.

1934ರಲ್ಲಿ ನಡೆದ ಅವರ ಪ್ರಥಮ ಏಕವ್ಯಕ್ತಿ ಚಿತ್ರಪ್ರದರ್ಶನಕ್ಕೂ ಅದೇ ಗತಿ ಒದಗಿತು. ಅಶ್ಲೀಲತೆಯ ಆರೋಪ ಹೊರಿಸಿ ಪೊಲೀಸರು ಕೃತಿಗಳನ್ನು ವಶಪಡಿಸಿಕೊಂಡರು. ಈ ಬಾರಿ ಕರ್ವಾಲೊ ನ್ಯಾಯಾಲಯದ ಮೊರೆಹೊಕ್ಕರು. ತೀರ್ಪು ಅವರ ಪರವಾಗಿ ಬಂದು, ಪ್ರದರ್ಶನ ಮತ್ತೆ ತೆರೆಯಿತು.